ಕೈತೋಟದ ಎಲೆ ತಿನ್ನೋ ಹುಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಲಲ್ಲೋ ಟೆರೇಸಲ್ಲೋ ನಾಲ್ಕು ಬದನೆ, ಎರಡು ಪಾತಿ ದಂಟು, ಒಂದು ಹೀರೆ ಬಳ್ಳಿ ಹಾಕಿರೋರು ಕೇಳೋ ಪ್ರಶ್ನೆಗಳು ಇವು, ಹೆಚ್ಚುಕಮ್ಮಿ ಎಲ್ರದ್ದೂ ಇವೇ. ಬಹಳ ಜನ ಶುರು ಮಾಡೋದೇ "ಏನು ಹೊಡೀಬೇಕು" ಅಂತ. ಅದಕ್ಕಿಂತ ಮೊದ್ಲು ಕೇಳ್ಬೇಕಾಗಿರೋದು ಇದು ಯಾವ ಹುಳ, ಈಗ ಎಷ್ಟು ದೊಡ್ಡದಾಗಿದೆ ಅಂತ. ಯಾಕಂದ್ರೆ ಅಕ್ಕಿಕಾಳಿನಷ್ಟಿದ್ದಾಗ ಬೇವಿಗೆ ಬಗ್ಗೋ ಕೀಡೆ ಬೆರಳುದ್ದ ಆದ್ಮೇಲೆ ಯಾವ ಕಷಾಯಕ್ಕೂ ಜಗ್ಗಲ್ಲ.

ಎಲೆ ತುಂಬಾ ತೂತು, ಆದ್ರೆ ಹುಳಾನೇ ಕಾಣ್ತಿಲ್ಲ. ಯಾರು ತಿಂತಿರೋದು ಅಂತ ಹೇಗೆ ಗೊತ್ತಾಗತ್ತೆ?

ತೂತು ನೋಡಿದ್ರೆ ಅರ್ಧ ಗೊತ್ತಾಗತ್ತೆ. ಮೂಲಂಗಿ, ಸಾಸಿವೆ ಎಲೆ ಮೇಲೆ ಗುಂಡುಸೂಜೀಲಿ ಚುಚ್ಚಿದಂಗೆ ಸಣ್ಣ ಸಣ್ಣ ತೂತು ಹತ್ತಾರು ಇದ್ರೆ ಅದು ಚಿಗಟ ದುಂಬಿ, ಹತ್ರ ಹೋದ್ರೆ ಟಕ್ ಅಂತ ನೆಗೆಯತ್ತೆ. ನರಗಳೆಲ್ಲ ಹಾಗೇ ಉಳಿದು ನಡುವಿನ ಹಸಿರು ಮಾತ್ರ ಕೆರೆದಂಗಿದ್ರೆ, ಬದನೆ ಗಿಡ ಆದ್ರೆ ಎಪಿಲಾಕ್ನ ದುಂಬಿ, ಬೇರೆ ಗಿಡ ಆದ್ರೆ ಬಹುಶಃ ಆಗಷ್ಟೇ ಮೊಟ್ಟೆ ಒಡೆದು ಬಂದ ಕೀಡೆಗಳ ಗುಂಪು. ಎಲೆ ಅಂಚನ್ನ ಅರ್ಧಚಂದ್ರದ ತರ ಕಚ್ಚಿದ್ರೆ ಬೂದು ಮೂತಿಹುಳ ಅಥವಾ ಮಿಡತೆ. ಅಂಕುಡೊಂಕು ದೊಡ್ಡ ತೂತು ಇದ್ದು ಕೆಳಗಿನ ಎಲೆ ಮೇಲೆ ಕಪ್ಪು ಹಸಿರು ಹಿಕ್ಕೆ ಬಿದ್ದಿದ್ರೆ ಬೆಳೆದ ಕೀಡೆ. ಹಿಕ್ಕೆ ಬಿದ್ದಿರೋ ಜಾಗದ ನೇರ ಮೇಲಿನ ಎಲೆ ತಿರುಗಿಸಿ ನೋಡಿ, ಹಿಕ್ಕೆ ಇನ್ನೂ ಹಸಿಯಾಗಿದ್ರೆ ಹುಳ ಅಲ್ಲೇ ಎಲ್ಲೋ ಎಲೆ ನರಕ್ಕೆ ಅಂಟಿಕೊಂಡು ಅದೇ ಬಣ್ಣದಲ್ಲಿ ಮಲಗಿರತ್ತೆ. ಹಗಲಲ್ಲಿ ಎಷ್ಟು ಹುಡುಕಿದ್ರೂ ಸಿಗದೇ ಇದ್ರೆ ರಾತ್ರಿ ಊಟ ಆದ್ಮೇಲೆ ಟಾರ್ಚ್ ತಗೊಂಡು ಹೋಗಿ, ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯತ್ತೆ.

ಕೆಲವು ಗುರುತಿಗೆ ಔಷಧಿನೇ ಬೇಡ. ಗುಲಾಬಿ, ತೊಗರಿ ಎಲೆಯ ಅಂಚಲ್ಲಿ ಕತ್ತರಿ ಹಾಕಿದಂಗೆ ನೀಟಾಗಿ ದುಂಡಗೆ ಕತ್ತರಿಸಿಕೊಂಡು ಹೋಗಿದ್ರೆ ಅದು ಎಲೆ ಕತ್ತರಿಸೋ ಜೇನು. ಗೂಡಿಗೆ ಒಯ್ಯತ್ತೆ, ತಿನ್ನಲ್ಲ, ನಿಮ್ಮ ತರಕಾರಿ ಹೂವಿಗೂ ಬೇಕಾದ ಜೀವಿ, ಬಿಟ್ಟುಬಿಡಿ. ಟೊಮ್ಯಾಟೊ ಎಲೆ ಒಳಗೆ ಬಿಳಿ ಹಾವಿನ ಗೆರೆ ಓಡಿದ್ರೆ ರಂಗೋಲಿ ಹುಳ, ಅಂಥ ಎಲೆ ಕಿತ್ತು ಹಾಕಿದ್ರೆ ಸಾಕು. ಬಸಳೆ ಎಲೆ ಮೇಲೆ ಕೆಂಪು ಅಂಚಿನ ದುಂಡು ಚುಕ್ಕಿ ಬಂದು ನಡುವೆ ಉದುರಿ ತೂತಾದ್ರೆ ಅದು ಹುಳಾನೇ ಅಲ್ಲ, ಫಂಗಸ್, ಅದಕ್ಕೆ ಹುಳದ ಔಷಧಿ ಹೊಡೆದು ಪ್ರಯೋಜನ ಇಲ್ಲ.

ಒಂದೆರಡು ಎಲೆ ತೂತಾದ ಕೂಡ್ಲೇ ಸ್ಪ್ರೇ ಮಾಡ್ಬೇಕಾ?

ಬೇಡ. ಬೆಳೆದ ಬದನೆ, ಬೆಂಡೆ, ಟೊಮ್ಯಾಟೊ ಗಿಡ ತನ್ನ ಎಲೆಯಲ್ಲಿ ಹತ್ತು ಹದಿನೈದು ಪರ್ಸೆಂಟ್ ಕಳ್ಕೊಂಡ್ರೂ ಕಾಯಿ ಬಿಡೋದ್ರಲ್ಲಿ ಹೆಚ್ಚು ವ್ಯತ್ಯಾಸ ಆಗಲ್ಲ. ಆದ್ರೆ ಎರಡೆಲೆ ಮೊಳಕೆ, ನಾಟಿ ಮಾಡಿ ಒಂದು ವಾರ ಆಗಿರೋ ಸಸಿ ಇವಕ್ಕೆ ಈ ಲೆಕ್ಕ ಅನ್ವಯ ಆಗಲ್ಲ, ಅಲ್ಲಿ ಒಂದೇ ರಾತ್ರಿಗೆ ಸಾಲೇ ಖಾಲಿ ಆಗತ್ತೆ. ಹಾಗಾಗಿ ನಿಮ್ಮ ಗಮನ, ಸಮಯ ಎಲ್ಲಾ ಮೊದಲ ಮೂರು ನಾಲ್ಕು ವಾರಕ್ಕೆ ಕೊಡಿ, ಆಮೇಲೆ ಗಿಡ ತಾನೇ ನೋಡ್ಕೊಳತ್ತೆ. ಇನ್ನೊಂದು ಕಾರಣಾನೂ ಇದೆ. ಸ್ವಲ್ಪ ಹುಳ ಇದ್ರೇನೇ ಅದನ್ನ ತಿನ್ನೋ ಕಣಜ, ಜೇಡ, ಗುಲಗಂಜಿ ಹುಳ ನಿಮ್ಮ ತೋಟದಲ್ಲಿ ಉಳಿಯೋದು, ತಿನ್ನೋಕೆ ಏನೂ ಇಲ್ಲ ಅಂದ್ರೆ ಅವು ಹೊರಟುಹೋಗ್ತವೆ, ಮುಂದಿನ ಸಲ ಹುಳ ಬಂದಾಗ ಯಾರೂ ಇರಲ್ಲ.

ಬದನೆ ಗಿಡದ ಮೇಲೆ ಚುಕ್ಕಿ ಚುಕ್ಕಿ ಕೆಂಪು ಹುಳ ಇದೆ, ಅದು ಒಳ್ಳೇದು ಸಾಯಿಸಬೇಡಿ ಅಂತಾರೆ, ಎಲೆ ನೋಡಿದ್ರೆ ಜರಡಿ ಆಗಿದೆ. ಏನು ಮಾಡ್ಲಿ?

ಈ ಗೊಂದಲ ತುಂಬಾ ಜನಕ್ಕಿದೆ, ಸ್ವಲ್ಪ ವಿವರವಾಗೇ ಹೇಳ್ತೀನಿ. ಒಳ್ಳೇ ಹುಳ ಅಂದ್ರೆ ಗುಲಗಂಜಿ ಹುಳ, ಲೇಡಿಬರ್ಡ್ ಅಂತೀವಲ್ಲ ಅದು, ಹೇನು ಅಂದ್ರೆ ಏಫಿಡ್ ತಿನ್ನತ್ತೆ. ಎಪಿಲಾಕ್ನ ದುಂಬಿ ಅದೇ ವಂಶದ್ದೇ, ಆದ್ರೆ ಎಲೆ ತಿನ್ನೋ ಜಾತಿ. ಬೆರಳ ಮೇಲೆ ಬಿಟ್ಕೊಂಡು ಬೆಳಕಿಗೆ ಹಿಡಿದು ನೋಡಿ. ಗುಲಗಂಜಿ ಹುಳದ ಬೆನ್ನು ಪಾಲಿಶ್ ಹಾಕಿದಂಗೆ ಮಿಂಚತ್ತೆ, ಎಪಿಲಾಕ್ನದ ಬೆನ್ನು ಮಂಕು, ಯಾಕಂದ್ರೆ ಅದರ ಮೇಲೆ ತೀರಾ ಸಣ್ಣ ರೋಮ ಇರತ್ತೆ. ಬಣ್ಣ ಕೆಂಪಿಗಿಂತ ತಾಮ್ರದ ಕಡೆಗೆ, ಚುಕ್ಕಿ ಜಾಸ್ತಿ, ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಒಂದು ಜಾತಿಗೆ 28 ಚುಕ್ಕಿ. ಮರಿ ಹುಳ ಇನ್ನೂ ಸುಲಭವಾಗಿ ಗೊತ್ತಾಗತ್ತೆ: ಹಳದಿ ಮೈ, ಮೈತುಂಬಾ ಕವಲೊಡೆದ ಮುಳ್ಳು, ಎಲೆ ಕೆಳಗಡೆ ಕೂತು ಮೆಟ್ಟಿಲು ಮೆಟ್ಟಿಲಾಗಿ ಹಸಿರು ಕೆರೀತಾ ಹೋಗತ್ತೆ. ಕೆರೆದ ಜಾಗ ಮೊದಲು ಬಿಳಿ ಜಾಲರಿ ಆಗಿ ಆಮೇಲೆ ಕಂದು ಕಾಗದದ ತರ ಒಣಗತ್ತೆ.

ಇದಕ್ಕೆ ನನ್ನ ಮೊದಲ ಔಷಧಿ ಕೈ. ವಾರಕ್ಕೆ ಎರಡು ಸಲ ಬೆಳಗ್ಗೆ ಎಲೆ ತಿರುಗಿಸಿ ನೋಡಿ, ಕೆಳಭಾಗದಲ್ಲಿ ಹಳದಿ ಮೊಟ್ಟೆ ಸಿಗಾರ್ ನಿಲ್ಲಿಸಿದಂಗೆ ನೆಟ್ಟಗೆ ಗುಂಪಾಗಿ ನಿಂತಿರತ್ತೆ, ಹೆಬ್ಬೆರಳಲ್ಲಿ ಒರೆಸಿಬಿಡಿ. ದುಂಬಿ, ಮರಿಗಳನ್ನ ಸೋಪ್ ನೀರಿನ ಡಬ್ಬಕ್ಕೆ ತಟ್ಟಿ. ಹುಷಾರು, ಗುಲಗಂಜಿ ಹುಳದ ಮೊಟ್ಟೇನೂ ಹಳದಿ, ಅದೂ ನೆಟ್ಟಗೇ ಇರತ್ತೆ, ಅದು ಸಾಮಾನ್ಯವಾಗಿ ಹೇನು ಹತ್ತಿರೋ ಎಲೆ ಹತ್ರ ಇರತ್ತೆ. ಸುತ್ತಮುತ್ತ ಹೇನಿದ್ರೆ ಬಿಡಿ, ಹೇನಿಲ್ದೆ ಜಾಲರಿ ಗುರುತಿದ್ರೆ ಒರೆಸಿ. ಮೊಟ್ಟೆಯಿಂದ ದುಂಬಿ ಆಗೋಕೆ ಮೂರು ನಾಲ್ಕು ವಾರ ಸಾಕು, ಅದಕ್ಕೇ ಒಂದು ಸಲ ಆರಿಸಿ ಮರೆತುಬಿಟ್ರೆ ಆಗಲ್ಲ. ಕೈಯಲ್ಲಿ ಆರಿಸೋಕೆ ಮೀರಿ ಹೋಗಿದ್ರೆ ಬೇವಿನ ಬೀಜದ ಕಷಾಯ, ಎಲೆ ಕೆಳಗಡೆಗೆ. ಹಾಗಲಕ್ಕೂ ಇದೇ ಜಾತಿ ದುಂಬಿ ಬರತ್ತೆ, ಬದನೆ ಪಕ್ಕದಲ್ಲೇ ಹಾಗಲ ಹಬ್ಬಿಸಿದ್ರೆ ಎರಡನ್ನೂ ನೋಡ್ಬೇಕು.

ಸೌತೆ, ಕುಂಬಳ, ಹೀರೆ ಮೊಳಕೆ ಬಂದ ಎರಡೇ ದಿನಕ್ಕೆ ಎಲೆ ಜರಡಿ ಆಗ್ತಿದೆ. ಕಿತ್ತಳೆ ಬಣ್ಣದ ದುಂಬಿ ಕಂಡೆ.

ಕೆಂಪು ಕುಂಬಳ ದುಂಬಿ. ಮೊಳಕೆಯ ಮೊದಲ ಎರಡು ದಪ್ಪ ಎಲೆ ಇದಕ್ಕೆ ತುಂಬಾ ಇಷ್ಟ, ಬಳ್ಳಿ ನಾಲ್ಕೈದು ಎಲೆ ದಾಟಿ ಹಬ್ಬೋಕೆ ಶುರು ಮಾಡಿದ್ಮೇಲೆ ಅಷ್ಟು ತೊಂದ್ರೆ ಕೊಡಲ್ಲ. ಅಂದ್ರೆ ನೀವು ಕಾಯಬೇಕಾಗಿರೋದು ಎರಡು ಮೂರು ವಾರ ಮಾತ್ರ. ಬಿಸಿಲೇರಿದ್ಮೇಲೆ ಹಿಡಿಯೋಕೆ ಹೋದ್ರೆ ಹಾರಿಹೋಗತ್ತೆ, ಬೆಳಗ್ಗೆ ಇಬ್ಬನಿ ಆರೋ ಮೊದಲು ಹೋದ್ರೆ ಮರಗಟ್ಟಿದಂಗೆ ಕೂತಿರತ್ತೆ, ಆಗ ಹಿಡೀರಿ. ಅದೇ ಹೊತ್ತಿಗೆ ಎಲೆ ಒದ್ದೆ ಇರೋವಾಗ ಜರಡಿ ಹಿಡಿದ ಒಲೆ ಬೂದಿ ತೆಳ್ಳಗೆ ಉದುರಿಸೋದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಮಾಡ್ಕೊಂಡು ಬಂದಿದ್ದು, ಮಳೆ ಬಂದು ತೊಳೆದುಹೋದ್ರೆ ಮತ್ತೆ ಹಾಕ್ಬೇಕು. ಸೌದೆ ಬೂದಿ ಮಾತ್ರ, ಕಸ ಪ್ಲಾಸ್ಟಿಕ್ ಸುಟ್ಟ ಬೂದಿ ತೋಟಕ್ಕೆ ತರಲೇಬೇಡಿ. ಬುಟ್ಟಿಗಟ್ಟಲೆ ಸುರೀಬೇಡಿ, ಬೂದಿ ಮಣ್ಣಿನ ಕ್ಷಾರ ಹೆಚ್ಚಿಸತ್ತೆ.

ಇದಕ್ಕಿಂತ ಗ್ಯಾರಂಟಿ ಉಪಾಯ ಅಂದ್ರೆ ಬೀಜ ಹಾಕಿದ ದಿನವೇ ಸೊಳ್ಳೆಪರದೆ ಬಟ್ಟೆ ಮುಚ್ಚೋದು, ಅಂಚಿಗೆ ಮಣ್ಣು ಎಳೆದು ಬಿಡಿ. ಈ ದುಂಬಿ ಮೊಟ್ಟೆ ಇಡೋದು ಬುಡದ ಮಣ್ಣಲ್ಲಿ, ಮರಿ ಬೇರು ತಿನ್ನತ್ತೆ, ಹಾಗಾಗಿ ಹಿಂದಿನ ಸಲ ಸೌತೆ ಇದ್ದ ಅದೇ ಗುಂಡಿಗೆ ಮತ್ತೆ ಸೌತೆ ಹಾಕಿ ಪರದೆ ಮುಚ್ಚಿದ್ರೆ ದುಂಬಿ ಒಳಗಿಂದಾನೇ ಹುಟ್ಟಿ ಬರಬಹುದು. ಜಾಗ ಬದಲಾಯಿಸಿ.

ಎಲೆಕೋಸು, ಹೂಕೋಸು ಬೆಳೆಯೋಕೇ ಆಗ್ತಿಲ್ಲ, ಸಣ್ಣ ಹಸಿರು ಹುಳ ಎಲೆ ಎಲ್ಲಾ ಕಿಟಕಿ ಮಾಡ್ತಿದೆ.

ಮುಟ್ಟಿದ ಕೂಡ್ಲೇ ಒದ್ದಾಡಿ ನೂಲು ಬಿಟ್ಕೊಂಡು ಕೆಳಗಿಳಿಯತ್ತೆ ಅಂದ್ರೆ ಅದು ವಜ್ರಬೆನ್ನಿನ ಪತಂಗದ ಮರಿ, ಡೈಮಂಡ್ ಬ್ಯಾಕ್ ಮಾತ್. ಪ್ರಪಂಚದಲ್ಲಿ ಕೀಟನಾಶಕಗಳನ್ನ ಅತಿ ಬೇಗ ಜೀರ್ಣಿಸಿಕೊಂಡ ಹುಳಗಳಲ್ಲಿ ಇದೂ ಒಂದು. ಕೋಲಾರ, ಮಾಲೂರು, ಹೊಸಕೋಟೆ ಕಡೆ ಕೋಸು ಬೆಳೆಯೋರಿಗೆ ಇದರ ಕಾಟ ಚೆನ್ನಾಗೇ ಗೊತ್ತು.

ಇದಕ್ಕೆ ಒಳ್ಳೇ ದಾರಿ ನಮ್ಮ ಬೆಂಗಳೂರಿನ ಹೆಸರಘಟ್ಟದಿಂದಲೇ ಬಂದಿದೆ, ಅಲ್ಲಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೈತರಿಗೆ ಹೇಳ್ಕೊಟ್ಟಿದ್ದು: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಮೊದಲ ಸಾಲು ಸಾಸಿವೆ ಕೋಸು ನಾಟಿಗೆ 15 ದಿನ ಮುಂಚೆ, ಎರಡನೇದು ನಾಟಿ ಆದ 25 ದಿನಕ್ಕೆ. ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ, ಅಲ್ಲೇ ಹೋಗಿ ಮೊಟ್ಟೆ ಇಡತ್ತೆ, ಏಫಿಡ್ಡೂ ಅಲ್ಲೇ ಸೇರ್ಕೊಳತ್ತೆ. ಕೈತೋಟದಲ್ಲಿ 25 ಸಾಲು ಎಲ್ಲಿಂದ ಬರಬೇಕು, ಹತ್ತು ಕೋಸಿನ ಮಡಿ ಸುತ್ತ ಅಡುಗೆಮನೆ ಸಾಸಿವೇನೇ ಒಂದು ಹಿಡಿ ಎರಚಿ, ಆದ್ರೆ ಮುಂಚೆ ಒಂದು ಸಲ ನಡುವೆ ಒಂದು ಸಲ ಅನ್ನೋ ಟೈಮಿಂಗ್ ಬಿಡಬೇಡಿ. ಸಾಸಿವೆ ಹಾಕಿ ಸುಮ್ನಿದ್ರೆ ಅದು ಹುಳ ಸಾಕೋ ಕೊಟ್ಟಿಗೆ ಆಗತ್ತೆ, ವಾರವಾರ ಸಾಸಿವೆ ಮೇಲೆ ಬೇವು ಹೊಡೀಬೇಕು, ತುಂಬಾ ಹತ್ತಿದ್ರೆ ಕಿತ್ತು ಸೋಪ್ ನೀರಲ್ಲಿ ಮುಳುಗಿಸಿಬಿಡಿ. ಜೊತೆಗೆ ಸಂಜೆ ಹೊತ್ತು ಪೈಪಲ್ಲಿ ಜೋರಾಗಿ ಎಲೆ ಮೇಲಿಂದ ನೀರು ಹೊಡೆದ್ರೆ ಸಣ್ಣ ಮರಿಗಳು ತೊಳೆದುಹೋಗ್ತವೆ. ಮಳೆಗಾಲದಲ್ಲಿ ಈ ಹುಳ ಕಮ್ಮಿ ಇರೋದಕ್ಕೂ ಅದೇ ಒಂದು ಕಾರಣ.

ಹಗಲಲ್ಲಿ ಏನೂ ಇಲ್ಲ, ಬೆಳಗ್ಗೆ ಎದ್ದು ನೋಡಿದ್ರೆ ಅರ್ಧ ಗಿಡ ಇಲ್ಲ.

ಬಸವನಹುಳ ಅಲ್ಲ ಅಂದ್ರೆ ತಂಬಾಕು ಕೀಡೆ ಇರಬಹುದು, ಸ್ಪೋಡೋಪ್ಟೆರಾ ಅಂತಾರಲ್ಲ. ಟೊಮ್ಯಾಟೊ, ಮೆಣಸಿನಗಿಡ, ಪಾಲಕ್, ಬೀಟ್‌ರೂಟ್, ಕೋಸು, ಕೆಸು ಯಾವುದನ್ನೂ ಬಿಡಲ್ಲ. ಇದರ ಜೀವನ ಗೊತ್ತಿದ್ರೆ ಅರ್ಧ ಕೆಲಸ ಮುಗೀತು. ತಾಯಿ ಪತಂಗ ನೂರಾರು ಮೊಟ್ಟೆ ಒಂದೇ ಗುಡ್ಡೆ ಇಟ್ಟು ಮೇಲೆ ತನ್ನ ಮೈಯ ಕಂದು ರೋಮ ಮುಚ್ಚತ್ತೆ, ಎಲೆ ಮೇಲೆ ಒಂದು ಚೂರು ಫೆಲ್ಟ್ ಬಟ್ಟೆ ಅಂಟಿದಂಗೆ ಕಾಣತ್ತೆ. ಒಡೆದು ಬಂದ ಮರಿಗಳು ಮೊದಲ ಕೆಲವು ದಿನ ಅದೇ ಎಲೆ ಮೇಲೆ ಒಟ್ಟಿಗೇ ಇರ್ತವೆ, ಎಲೆ ಬಿಳಿಚಿಕೊಂಡು ಜಾಲರಿ ಆಗಿರತ್ತೆ, ದೂರದಿಂದಲೇ ಕಾಣತ್ತೆ. ಆಗ ಆ ಒಂದು ಎಲೆ ಕಿತ್ತು ಸೋಪ್ ನೀರಿಗೆ ಹಾಕಿದ್ರೆ ನೂರಾರು ಹುಳ ಒಂದೇ ಸಲ ಹೋಯ್ತು. ಆ ದಿನಗಳು ತಪ್ಪಿದ್ರೆ ಅವು ತೋಟ ತುಂಬಾ ಹರಡಿ, ಹಗಲು ಮಣ್ಣು ತರಗೆಲೆ ಅಡಿ ಮಲಗಿ, ರಾತ್ರಿ ಮೇಲೆ ಬಂದು ತಿನ್ನೋಕೆ ಶುರು ಮಾಡ್ತವೆ, ಆಗ ಟಾರ್ಚ್ ಹಿಡಿದು ಒಂದೊಂದೇ ಹುಡುಕಬೇಕು. ಬೇಲಿ ಪಕ್ಕ ಎರಡು ಹರಳು ಗಿಡ ಇಟ್ಕೊಳಿ, ಪತಂಗ ಅಗಲ ಎಲೆ ನೋಡಿ ಅಲ್ಲಿಗೇ ಹೋಗಿ ಮೊಟ್ಟೆ ಇಡೋದು ಜಾಸ್ತಿ, ನಿಮಗೆ ಹುಡುಕೋದೂ ಸುಲಭ. ಕೋಶ ಆಗೋದು ಮಣ್ಣಲ್ಲಿ, ಬೆಳೆ ಮುಗಿದ್ಮೇಲೆ ಮಣ್ಣು ಕೆದಕಿ ಬಿಸಿಲಿಗೆ ಬಿಟ್ರೆ ಗೊರವಂಕಗಳು ಬಂದು ಆರಿಸ್ಕೊಂಡು ಹೋಗ್ತವೆ.

ಫೆರೋಮೋನ್ ಟ್ರ್ಯಾಪ್, ಅಂದ್ರೆ ಹೆಣ್ಣು ಪತಂಗದ ವಾಸನೆ ಇಟ್ಟು ಹಿಡಿಯೋ ಬೋನು, ಹಾಕ್ಬಹುದಾ ಅಂತ ಕೇಳ್ತಾರೆ. ಅದಕ್ಕೆ ಬೀಳೋದು ಗಂಡು ಪತಂಗ ಮಾತ್ರ, ಕೈತೋಟದಲ್ಲಿ ಅದರಿಂದ ಹುಳ ಕಮ್ಮಿ ಆಗತ್ತೆ ಅಂತ ನಂಬ್ಕೊಂಡು ಕೂರಬೇಡಿ, ಆದ್ರೆ ಪತಂಗ ಬೀಳೋಕೆ ಶುರು ಆಯ್ತು ಅಂದ್ರೆ ಮೊಟ್ಟೆ ಹುಡುಕೋ ಟೈಮ್ ಬಂತು ಅಂತ ಅರ್ಥ.

ಬೇವಿನ ಎಣ್ಣೆ ಹೊಡೆದೆ, ಮಾರನೇ ದಿನ ನೋಡಿದ್ರೆ ಹುಳ ಆರಾಮಾಗಿದೆ. ಬೇವು ಕೆಲಸ ಮಾಡಲ್ವಾ?

ಮಾಡತ್ತೆ, ಆದ್ರೆ ಮಾರನೇ ದಿನಕ್ಕೆ ಹುಳ ಉದುರಿ ಬೀಳತ್ತೆ ಅಂತ ಕಾದ್ರೆ ನಿರಾಸೆ ಖಂಡಿತ. ಬೇವಿನಲ್ಲಿರೋ ಅಜಾಡಿರಾಕ್ಟಿನ್ ಹುಳಕ್ಕೆ ಎಲೆ ರುಚಿಸದಂಗೆ ಮಾಡತ್ತೆ, ತಿಂದ ಹುಳ ಪೊರೆ ಕಳಚೋಕೆ ಆಗದಂಗೆ ತಡೆಯತ್ತೆ, ಅಂದ್ರೆ ಹುಳ ಕಣ್ಣೆದುರೇ ಇರತ್ತೆ ಆದ್ರೆ ತಿನ್ನೋದು ಕಮ್ಮಿ ಮಾಡಿ ಬೆಳವಣಿಗೆ ನಿಂತು ಆಮೇಲೆ ಸಾಯತ್ತೆ. ಮೂರ್ನಾಲ್ಕು ದಿನ ಬಿಟ್ಟು ಹುಳ ಎಣಿಸಬೇಡಿ, ಹೊಸ ತೂತು ಬಿದ್ದಿದ್ಯಾ ಅಂತ ನೋಡಿ. 1962ರಲ್ಲಿ ದಿಲ್ಲಿಗೆ ಮಿಡತೆ ದಂಡು ಬಂದಾಗ ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯವರು ಬೇವಿನ ಬೀಜದ ತಿರುಳಿನ ನೀರು ಸಿಂಪಡಿಸಿದ್ದ ಬೆಳೆ ಮೇಲೆ ಮಿಡತೆ ಕೂತ್ರೂ ತಿನ್ನಲಿಲ್ಲ. ಬೇವಿನ ಸ್ವಭಾವ ಅದೇ, ಕೊಲ್ಲೋದಕ್ಕಿಂತ ಮೊದಲು ತಿನ್ನೋದನ್ನ ನಿಲ್ಲಿಸತ್ತೆ.

ಕೆಲಸ ಮಾಡದೇ ಇರೋಕೆ ಸಾಮಾನ್ಯ ಕಾರಣಗಳು ಹೇಳ್ತೀನಿ. ಬಿಸಿಲಲ್ಲಿ ಹೊಡೆದಿರ್ತೀರಿ, ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಒಡೆದುಹೋಗತ್ತೆ, ಮೇಲಿಂದ ಎಣ್ಣೆ ಇರೋ ಎಲೆ ಸುಟ್ಟೂ ಹೋಗತ್ತೆ, ಆದ್ರಿಂದ ಸಂಜೆ 5 ಗಂಟೆ ಮೇಲೇ ಹೊಡೀರಿ. ಎಲೆ ಮೇಲ್ಭಾಗಕ್ಕೆ ಮಾತ್ರ ಹೊಡೆದಿರ್ತೀರಿ, ಹುಳ ಇರೋದು ಕೆಳಗೆ. ಎಣ್ಣೆ ನೀರಲ್ಲಿ ಬೆರೆತಿರಲ್ಲ, ತೇಲ್ತಾ ಇರತ್ತೆ. ಅಥವಾ ತಂದಿದ್ದೇ ದೀಪಕ್ಕೆ ಹಾಕೋ ಎಣ್ಣೆ, ಅದರಲ್ಲಿ ಅಜಾಡಿರಾಕ್ಟಿನ್ ಎಷ್ಟಿದೆ ಅಂತ ಯಾರಿಗೂ ಗೊತ್ತಿರಲ್ಲ. ಬಾಟಲಿ ಮೇಲೆ 1500 ಪಿಪಿಎಂ, 10000 ಪಿಪಿಎಂ ಅಂತ ಬರೆದಿರೋದು ತಗೊಳಿ, ಅಳತೆ ಅದರ ಲೇಬಲ್ ಪ್ರಕಾರವೇ. ಗಾಣದ ಬೇವಿನ ಎಣ್ಣೆ ಆದ್ರೆ ಲೀಟರಿಗೆ 5 ಎಂಎಲ್, ಮೊದಲು ಎಣ್ಣೆಗೆ ಒಂದೆರಡು ಎಂಎಲ್ ಲಿಕ್ವಿಡ್ ಸೋಪ್ ಹಾಕಿ ಕಲಸಿ, ಹಾಲಿನಂಗೆ ಆಗೋವರೆಗೂ ಸ್ವಲ್ಪ ಸ್ವಲ್ಪವೇ ನೀರು ಹಾಕ್ತಾ ಹೋಗಿ. ಬೋರ್‌ವೆಲ್ ಗಡಸು ನೀರಲ್ಲಿ ಸೋಪು ಕೆನೆ ಕಟ್ಟಿ ನಾಜಲ್ ಬ್ಲಾಕ್ ಆಗತ್ತೆ, ಮಳೆನೀರು ಹಿಡಿದಿಟ್ಟಿದ್ರೆ ಅದೇ ಬೆಸ್ಟು. ಸೌತೆ ಜಾತಿ ಬಳ್ಳಿಗಳ ಎಲೆ ಎಣ್ಣೆ, ಸೋಪಿಗೆ ಸೂಕ್ಷ್ಮ, ಒಂದೆರಡು ಎಲೆಗೆ ಹೊಡೆದು ಎರಡು ದಿನ ನೋಡಿ ಆಮೇಲೆ ಉಳಿದಿದ್ದಕ್ಕೆ.

ಬೇವಿನ ಬೀಜದ ಕಷಾಯ ಮನೇಲಿ ಮಾಡೋದು ಹೇಗೆ?

ಎಣ್ಣೆಗಿಂತ ನನಗೆ ಇದೇ ಇಷ್ಟ, ಎಲೆ ಸುಡೋದು ಕಮ್ಮಿ, ಖರ್ಚೂ ಇಲ್ಲ. ಮೇಯಿಂದ ಜುಲೈವರೆಗೆ ಬೇವಿನ ಹಣ್ಣು ಉದುರತ್ತೆ. ಬಯಲುಸೀಮೆ ಕಡೆ ರಸ್ತೆ ಬದಿ, ದೇವಸ್ಥಾನದ ಕಟ್ಟೆ ಹತ್ರ ರಾಶಿ ಬಿದ್ದಿರತ್ತೆ. ತಿರುಳು ತೊಳೆದು ಬೀಜ ನೆರಳಲ್ಲೇ ಒಣಗಿಸಿ, ಬಟ್ಟೆ ಚೀಲದಲ್ಲಿ ಗಾಳಿ ಆಡೋ ಕಡೆ ಇಡಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ರೆ ಬೂಸ್ಟು ಹಿಡಿಯತ್ತೆ, ಬೂಸ್ಟು ಹಿಡಿದಿದ್ದು ಬಳಸಬೇಡಿ. ಬೇಕಾದಾಗ ಸಿಪ್ಪೆ ಒಡೆದು ಒಳಗಿನ ತಿರುಳು ಲೀಟರಿಗೆ 50 ಗ್ರಾಂ ಲೆಕ್ಕ, ಕುಟ್ಟಿ ಬಟ್ಟೇಲಿ ಕಟ್ಟಿ ರಾತ್ರಿ ನೆನೆಹಾಕಿ, ಬೆಳಗ್ಗೆ ಬಿಳಿ ಹಾಲು ಬರೋದು ಕಮ್ಮಿ ಆಗೋವರೆಗೂ ಹಿಂಡಿ, ಸೋಸಿ, ಚೂರು ಸೋಪ್ ಹಾಕಿ, ಅವತ್ತೇ ಸಂಜೆ ಹೊಡೀರಿ. ಇಟ್ಟು ನಾಳೆ ನಾಡಿದ್ದು ಹೊಡೆದ್ರೆ ಶಕ್ತಿ ಇರಲ್ಲ. ಬೀಜಾನೂ ಅಷ್ಟೆ, ಒಂದು ವರ್ಷ ದಾಟಿದ್ದು ಬೇಡ. ಕುದಿಸಬೇಡಿ, ಕಷಾಯ ಅಂತ ಹೆಸರು ಮಾತ್ರ. 7ರಿಂದ 10 ದಿನಕ್ಕೊಮ್ಮೆ, ಮಳೆ ಬಂದ್ರೆ ಮತ್ತೆ. ಇಷ್ಟೂ ಮಾಡೋಕೆ ಪುರುಸೊತ್ತಿಲ್ಲ ಅಂದ್ರೆ ಹೆಸರಘಟ್ಟದವರೇ ರೂಪಿಸಿರೋ ಬೇವಿನ ಸೋಪು, ಹೊಂಗೆ ಸೋಪು ಇದೆ, ನೀರಲ್ಲಿ ಕರಗಿಸಿ ಹೊಡೆಯೋದೇ, ಯಾವ ಬೆಳೆಗೆ ಎಷ್ಟು ಗ್ರಾಂ ಅಂತ ಪ್ಯಾಕೆಟ್ ಮೇಲಿರತ್ತೆ.

ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ, ದಶಪರ್ಣಿ, ಸೋಪ್ ನೀರು, ತಂಬಾಕು ನೀರು ಇದರಲ್ಲಿ ಯಾವುದು ಒಳ್ಳೇದು?

ಬರೀ ಸೋಪ್ ನೀರು ಹೇನು, ಬಿಳಿನೊಣದಂಥ ಮೆತ್ತಗಿನ ರಸ ಹೀರೋ ಹುಳಕ್ಕೆ, ಕೀಡೆ ದುಂಬಿಗೆ ಅದರಿಂದ ಏನೂ ಆಗಲ್ಲ. ಹಸಿಮೆಣಸು ಬೆಳ್ಳುಳ್ಳಿ ನೀರು ಹುಳಾನ ಸ್ವಲ್ಪ ದೂರ ಇಡತ್ತೆ, ಒಂದೆರಡು ದಿನ, ಮಳೆಗೆ ಹೋಯ್ತು, ಹೊಡೆಯೋವಾಗ ಕಣ್ಣಿಗೆ ಕನ್ನಡಕ ಹಾಕ್ಕೊಳಿ. ಬೇವು, ಲಕ್ಕಿ, ಎಕ್ಕ, ಹೊಂಗೆ, ಸೀತಾಫಲ, ಲಂಟಾನ ಹೀಗೆ ಹತ್ತು ಸೊಪ್ಪು ಗೋಮೂತ್ರದಲ್ಲಿ ಕೊಳೆಸೋ ದಶಪರ್ಣಿ ಎಕರೆಗಟ್ಟಲೆ ಬೆಳೆಯೋ ರೈತರಿಗೆ ಅನುಕೂಲ, ಹತ್ತು ಕುಂಡಕ್ಕೆ ತಿಂಗಳುಗಟ್ಟಲೆ ಡ್ರಮ್ಮಲ್ಲಿ ಕೊಳೆಸೋದು ಅಪಾರ್ಟ್‌ಮೆಂಟಲ್ಲಿ ಪಕ್ಕದ ಮನೆಯವರಿಗೆ ಕಷ್ಟ, ಬೇವೊಂದೇ ಸಾಕು.

ತಂಬಾಕು ನಾನು ಬಳಸಲ್ಲ, ಬೇರೆಯವರಿಗೂ ಬೇಡ ಅಂತೀನಿ. ಗಿಡದಿಂದ ಬಂದಿದ್ದೆಲ್ಲ ಸೌಮ್ಯ ಅಂತ ಅಂದ್ಕೋಬಾರದು, ನಿಕೋಟಿನ್ ಮನುಷ್ಯರಿಗೂ ತೀವ್ರ ವಿಷ, ಚರ್ಮದ ಮೂಲಕಾನೂ ಒಳಗೆ ಹೋಗತ್ತೆ. ಮನೇಲಿ ಮಕ್ಕಳು ಆಡೋ ಜಾಗದಲ್ಲಿ ಬಕೆಟ್‌ನಲ್ಲಿ ಅದನ್ನ ನೆನೆಹಾಕಿಡೋದು ಬೇಡವೇ ಬೇಡ. ಸಾಲದ್ದಕ್ಕೆ ತಂಬಾಕಿಂದ ಮೊಸಾಯಿಕ್ ವೈರಸ್ ಟೊಮ್ಯಾಟೊ, ಮೆಣಸಿನಗಿಡಕ್ಕೆ ದಾಟೋ ಅಪಾಯಾನೂ ಇದೆ.

ಬಿಟಿ ಸ್ಪ್ರೇ ಅಂದ್ರೆ ಬಿಟಿ ಬದನೆ ತರಾನಾ? ಅದು ಸಾವಯವ ಹೇಗಾಗತ್ತೆ?

ಅಲ್ಲ. ಬಿಟಿ ಬದನೆ ಅಂದ್ರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಅದೇ ಬಿಟಿ) ಅನ್ನೋ ಬ್ಯಾಕ್ಟೀರಿಯಾದ ಜೀನನ್ನ ಗಿಡದೊಳಗೇ ಸೇರಿಸಿರೋ ತಳಿ, ಉಡುಪಿಯ ಮಟ್ಟುಗುಳ್ಳ ಬದನೆ ಬೆಳೆಯೋ ಊರಿನೋರೂ ಸೇರಿ ಅನೇಕರು ವಿರೋಧಿಸಿದ ಮೇಲೆ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕ್ತು. ಬಿಟಿ ಸ್ಪ್ರೇ ಅಂದ್ರೆ ಮಣ್ಣಲ್ಲಿ ಸಹಜವಾಗೇ ಇರೋ ಆ ಬ್ಯಾಕ್ಟೀರಿಯಾನೇ ಪುಡಿ ರೂಪದಲ್ಲಿ. ಎಲೆ ಜೊತೆ ಕೀಡೆ ಹೊಟ್ಟೆಗೆ ಹೋದ್ರೆ ಮಾತ್ರ ಕೆಲಸ, ಕ್ಷಾರ ಇರೋ ಅದರ ಕರುಳಲ್ಲಿ ಆ ಪ್ರೋಟೀನು ಕರಗಿ ಕರುಳು ತೂತು ಮಾಡತ್ತೆ. ಕೆಲವೇ ಗಂಟೇಲಿ ತಿನ್ನೋದು ನಿಲ್ಲತ್ತೆ, ಎರಡು ಮೂರು ದಿನಕ್ಕೆ ಕಪ್ಪಾಗಿ ಜೋತುಬಿದ್ದು ಸಾಯತ್ತೆ. ಅಂಗಡೀಲಿ ಸಾಮಾನ್ಯವಾಗಿ ಸಿಗೋ ಕುರ್‌ಸ್ಟಾಕಿ ತಳಿ ಚಿಟ್ಟೆ, ಪತಂಗದ ಮರಿಗಳಿಗೆ ಮಾತ್ರ. ದುಂಬಿಗಾಗ್ಲಿ ಮಿಡತೆಗಾಗ್ಲಿ ಏನೂ ಮಾಡಲ್ಲ, ಹಾಗಾಗಿ ಬದನೆ ಎಪಿಲಾಕ್ನಕ್ಕೆ ಇದನ್ನ ಹೊಡೆದು ದುಡ್ಡು ಹಾಳು ಮಾಡ್ಕೋಬೇಡಿ. ಸಂಜೆ ಹೊಡೀರಿ, ಸಣ್ಣ ಮರಿ ಇದ್ದಾಗ ಹೊಡೀರಿ, ಬಿಸಿಲಿಗೆ ಎರಡು ಮೂರು ದಿನಕ್ಕಿಂತ ನಿಲ್ಲಲ್ಲ.

ನಮ್ಮೂರಲ್ಲಿ ರೇಷ್ಮೆ ಸಾಕ್ತಾರೆ. ಇವೆಲ್ಲ ಹೊಡೀಬಹುದಾ?

ಈ ಪ್ರಶ್ನೆ ರಾಮನಗರ, ಶಿಡ್ಲಘಟ್ಟ, ಕೋಲಾರ, ಮಂಡ್ಯ ಕಡೆಯವರು ಕೇಳಲೇಬೇಕು, ಆದ್ರೆ ಕೇಳೋರು ಕಮ್ಮಿ. ರೇಷ್ಮೆ ಹುಳಾನೂ ಪತಂಗದ ಮರೀನೇ, ಬಿಟಿಗೆ ಅದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿಲ್ಲ. ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾಗಿದ್ದೇ 1901ರಲ್ಲಿ ಜಪಾನಲ್ಲಿ ರೇಷ್ಮೆ ಹುಳ ಸಾಯ್ತಿದ್ದಾಗ. ಬ್ಯೂವೇರಿಯಾ ಅಂತ ಇನ್ನೊಂದು ಜೈವಿಕ ಪುಡಿ ಸಿಗತ್ತೆ, ಅದು ಫಂಗಸ್, ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ಅಂತಾರಲ್ಲ ಆ ರೋಗ ತರೋದು ಅದೇ, 1835ರಲ್ಲೇ ಇಟಲಿಯ ಬಾಸ್ಸಿ ಅನ್ನೋರು ಅದನ್ನ ರೇಷ್ಮೆ ಹುಳದಲ್ಲಿ ತೋರಿಸಿಕೊಟ್ರು. ಬೇವಿನ ಹನಿ ಬಿದ್ದ ಹಿಪ್ಪುನೇರಳೆ ಎಲೆ ತಿಂದ್ರೂ ಹುಳಕ್ಕೆ ತೊಂದ್ರೆ. ಹಾಗಾಗಿ ನಿಮ್ಮ ಹಿತ್ತಲ ಪಕ್ಕ ಹಿಪ್ಪುನೇರಳೆ ತೋಟ ಇದ್ರೆ ಅಥವಾ ಹತ್ತಿರದಲ್ಲಿ ಹುಳು ಮನೆ ಇದ್ರೆ ಬಿಟಿ, ಬ್ಯೂವೇರಿಯಾ ಎರಡೂ ಮುಟ್ಟಬೇಡಿ, ಬೇವೂ ಗಾಳಿ ಇರೋವಾಗ ಹೊಡೀಬೇಡಿ. ಪರದೆ, ಕೈ, ಬೂದಿ ಇಷ್ಟರಲ್ಲೇ ಮುಗಿಸಿ. ನಿಮ್ಮ ನಾಲ್ಕು ಕೋಸಿಗಾಗಿ ಪಕ್ಕದ ಮನೆಯವರ ಒಂದು ಇಡೀ ಬೆಳೆ ಹೋಗಬಾರದು.

ರೇಷ್ಮೆ ಇಲ್ಲದ ಕಡೆ ಬ್ಯೂವೇರಿಯಾ ಮಳೆಗಾಲ, ಚಳಿಗಾಲದ ತಂಪಲ್ಲಿ ಚೆನ್ನಾಗಿ ಕೆಲಸ ಮಾಡತ್ತೆ, ಅದಕ್ಕೆ ತೇವ ಬೇಕು. ದುಂಬಿಗಳಿಗೂ ತಾಗತ್ತೆ ಅನ್ನೋದು ಅದರ ಲಾಭ. ಬೋರ್ಡೋ ಅಥವಾ ಯಾವುದೇ ಫಂಗಸ್ ಔಷಧಿ ಜೊತೆ ಸೇರಿಸಬೇಡಿ, ಇದೇ ಸತ್ತುಹೋಗತ್ತೆ.

ಕರಿಬೇವು, ನಿಂಬೆ ಗಿಡದ ಎಲೆ ಪೂರ್ತಿ ಖಾಲಿ. ಹಕ್ಕಿ ಹಿಕ್ಕೆ ತರ ಏನೋ ಕೂತಿದೆ.

ಅದು ಹಿಕ್ಕೆ ಅಲ್ಲ, ನಿಂಬೆ ಚಿಟ್ಟೆ ಮರಿ. ಚಿಕ್ಕದಿದ್ದಾಗ ಕಂದು ಬಿಳಿ, ದೊಡ್ಡದಾದ್ಮೇಲೆ ಎಲೆ ಹಸಿರು. ಕಡ್ಡೀಲಿ ಮೆಲ್ಲಗೆ ಮುಟ್ಟಿ ನೋಡಿ, ತಲೆ ಹಿಂದಿಂದ ಕವಲಿನ ಕೊಂಬು ಹೊರಗೆ ಬಂದು ಘಾಟು ವಾಸನೆ ಬರತ್ತೆ, ಮಕ್ಕಳಿಗೆ ತೋರಿಸಿ. ಐದಾರು ಹುಳ ಸೇರಿದ್ರೆ ಸಣ್ಣ ಕರಿಬೇವು ಗಿಡ ಬೋಳಾಗತ್ತೆ. ಸಾಯಿಸೋಕೆ ಮನಸ್ಸಿಲ್ದೇ ಇದ್ರೆ, ನನಗೂ ಇಲ್ಲ, ಅದನ್ನ ಆರಿಸಿ ರಸ್ತೆ ಬದಿಯ ಬಿಲ್ವಪತ್ರೆ ಗಿಡಕ್ಕೆ ಬಿಡಿ, ಅದೂ ಅದೇ ಕುಟುಂಬದ್ದು, ತಿನ್ನತ್ತೆ. ಹೊಸ ಚಿಗುರಿನ ತುದೀಲಿ ಒಂಟಿ ಒಂಟಿಯಾಗಿ ಮುತ್ತಿನಂಥ ಮೊಟ್ಟೆ ಇರತ್ತೆ, ಸಸಿ ಚಿಕ್ಕದಿದ್ರೆ ಅದನ್ನ ಒರೆಸಿ.

ನುಗ್ಗೆ ಮರದ ಬುಡದಲ್ಲಿ ಕಂಬಳಿಹುಳ ಮುತ್ತಿಕೊಂಡಿದೆ.

ಕೈಯಲ್ಲಿ ಮುಟ್ಟಬೇಡಿ, ರೋಮ ತಾಗಿದ್ರೆ ತುರಿಕೆ, ದದ್ದು. ರಾತ್ರಿ ಎಲೆ ತಿಂದು ಹಗಲು ಕಾಂಡದ ಮೇಲೆ ಗುಂಪಾಗಿ ಇಳಿದು ಕೂರೋದು ಇವುಗಳ ಅಭ್ಯಾಸ, ಅದೇ ನಿಮಗೆ ಅನುಕೂಲ. ಉದ್ದ ತೋಳಿನ ಅಂಗಿ, ಗ್ಲೌಸು ಹಾಕ್ಕೊಂಡು ಉದ್ದ ಪೊರಕೇಲಿ ಸೋಪ್ ನೀರಿನ ಬಕೆಟ್ಟಿಗೆ ಗುಡಿಸಿಬಿಡಿ. ಪಂಜಿನಿಂದ ಸುಡೋ ಪದ್ಧತೀನೂ ಇದೆ, ಆದ್ರೆ ಮರದ ತೊಗಟೆ ಸುಡತ್ತೆ, ಗಾಳೀಲಿ ರೋಮ ಹಾರತ್ತೆ, ಮನೆ ಪಕ್ಕದಲ್ಲಿ ಬೇಡ.

ದಂಟು, ಹರಿವೆ, ಪಾಲಕ್, ಮೆಂತ್ಯ ಇವಕ್ಕೆ ಏನು ಹೊಡೀಬೇಕು?

ಎಲೇನೇ ತಿನ್ನೋ ಬೆಳೆಗೆ ಏನೂ ಹೊಡೀದೇ ಇರೋದು ಒಳ್ಳೇದು, ಬೇವು ಹೊಡೆದ್ರೂ ಕಹಿ ಉಳಿಯತ್ತೆ. 25-30 ದಿನದ ಬೆಳೆ ಇದು, ಬಿತ್ತಿದ ದಿನದಿಂದ ಕೀಳೋ ದಿನದವರೆಗೂ 40 ಮೆಶ್ ಕೀಟ ಪರದೆ ಅಡಿ ಬೆಳೀಬಹುದು. ಸೊಪ್ಪಿಗೆ ಜೇನು ಬರಬೇಕಾಗಿಲ್ಲ, ತೆಗೆಯೋ ಪ್ರಶ್ನೇನೇ ಇಲ್ಲ. (ಸೌತೆ ಕುಂಬಳಕ್ಕೆ ಹಾಗಲ್ಲ, ಹೂ ಬಿಟ್ಟ ದಿನ ಪರದೆ ತೆಗೀಲೇಬೇಕು, ಇಲ್ಲಾಂದ್ರೆ ಕಾಯಿ ಕಚ್ಚಲ್ಲ.) ಮಳೆಗಾಲದಲ್ಲಿ ದಂಟಿನ ಎಲೆ ನೂಲಿಂದ ಸುರುಳಿ ಸುತ್ತಿ ಒಳಗೆ ಹಸಿರು ಹುಳ ಇದ್ರೆ ಅದು ಎಲೆ ಮಡಚೋ ಕೀಡೆ, ಆ ಸುರುಳಿ ಎಲೆ ಸಮೇತ ಹಿಸುಕಿ ಹಾಕಿ. ಜಾಸ್ತಿ ಆದ್ರೆ ಬೆಳೆ ಪೂರ್ತಿ ಕಿತ್ತು, ಒಳ್ಳೇದು ಆರಿಸ್ಕೊಂಡು ಸಾರು ಮಾಡಿ, ಹೊಸದು ಬಿತ್ತಿ.

ಹುಳದ ಮೈಮೇಲೆ ಬಿಳಿ ಅಕ್ಕಿಕಾಳು ತರ ಏನೋ ಅಂಟಿದೆ, ಮೊಟ್ಟೇನಾ?

ದಯವಿಟ್ಟು ಅದನ್ನ ಸಾಯಿಸಬೇಡಿ! ಅದು ಪರಾವಲಂಬಿ ಕಣಜದ ಗೂಡು. ಕಣಜ ಕೀಡೆ ಮೈಯೊಳಗೆ ಮೊಟ್ಟೆ ಇಟ್ಟು, ಮರಿಗಳು ಒಳಗಿಂದ ತಿಂದು ಹೊರಬಂದು ರೇಷ್ಮೆಯಂಥ ಗೂಡು ಕಟ್ಟಿರ್ತವೆ. ಕೀಡೆ ಇನ್ನೂ ಅಲ್ಲಾಡ್ತಾ ಇದ್ರೂ ಅದರ ಕಥೆ ಮುಗಿದಿದೆ, ಎಲೆ ಸಮೇತ ಅಲ್ಲೇ ಬಿಡಿ, ಕೆಲವು ದಿನಕ್ಕೆ ಹೊಸ ಕಣಜಗಳು ಬಂದು ಉಳಿದ ಕೀಡೆ ಹುಡುಕ್ಕೊಂಡು ಹೋಗ್ತವೆ. ಇವು ಉಳೀಬೇಕು ಅಂದ್ರೆ ಬೆಳೆದ ಕಣಜಕ್ಕೆ ಮಕರಂದ ಬೇಕು, ಒಂದೆರಡು ಕೊತ್ತಂಬರಿ, ಸಬ್ಬಸಿಗೆ ಗಿಡ ಕೀಳದೆ ಹೂ ಬಿಡೋಕೆ ಬಿಡಿ. ಓತಿಕ್ಯಾತ ಕಂಡ್ರೆ ಕಲ್ಲು ಹೊಡೆಯೋ ಅಭ್ಯಾಸ ನಿಲ್ಲಿಸಿ. ನಡುವೆ ಎರಡು ಕವಲಿನ ಕೋಲು ನೆಟ್ರೆ ಕಾಜಾಣ, ಮಡಿವಾಳ ಹಕ್ಕಿ ಬಂದು ಕೂರ್ತವೆ.

ಬೇವು ಹೊಡೆದು ಎಷ್ಟು ದಿನಕ್ಕೆ ಕೀಳಬಹುದು?

ನಾನು ಮೂರು ದಿನ ಬಿಡ್ತೀನಿ, ತೊಳೆದು ಬಳಸಿ. ಅಂಗಡಿ ಔಷಧಿ ಆದ್ರೆ ಲೇಬಲ್ ಮೇಲಿರೋ ದಿನ.

ಪ್ರತಿ ಸಲ ಅದೇ ಹುಳ ಬರ್ತಿದೆ, ಬರದಂಗೆ ಮಾಡೋಕಾಗಲ್ವಾ?

ಪೂರ್ತಿ ಬರದಂಗೆ ಆಗಲ್ಲ, ಕಮ್ಮಿ ಮಾಡಬಹುದು. ಗೊಬ್ಬರ ನೋಡ್ಕೊಳಿ, ಸಗಣಿ ಹಸಿದೇ ಹಾಕಿದ್ರೆ ಗೊಣ್ಣೆ ಹುಳ ಬರತ್ತೆ, ಸಾರಜನಕ ಜಾಸ್ತಿ ಆದ್ರೆ ಎಲೆ ಮೆತ್ತಗೆ ಕೊಬ್ಬಿ ಹುಳಕ್ಕೆ ಹಬ್ಬ ಆಗತ್ತೆ. ನಾಟಿಗೆ ಮುಂಚೆ ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ, ಬದನೆಯಲ್ಲಿ ಬೂದು ಮೂತಿಹುಳದ ಮರಿ ಬೇರು ತಿನ್ನೋದಕ್ಕೆ ಇದು ಒಳ್ಳೇ ತಡೆ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಕುಟುಂಬ, ಒಂದರ ಹಿಂದೆ ಇನ್ನೊಂದು ಅದೇ ಜಾಗಕ್ಕೆ ಹಾಕಬೇಡಿ, ನಡುವೆ ಅಲಸಂದೆನೋ ಸೊಪ್ಪೋ ಬರಲಿ. ಮುಗಿದ ಗಿಡ ಒಣಗ್ತಾ ನಿಲ್ಲೋಕೆ ಬಿಡಬೇಡಿ, ಅದೇ ಮುಂದಿನ ಸಲದ ಹುಳದ ನರ್ಸರಿ. ಟೆರೇಸಿನವರು ಕುಂಡದ ಮಣ್ಣು ಸುರಿದು ಏಪ್ರಿಲ್ ಬಿಸಿಲಲ್ಲಿ ಒಂದು ವಾರ ಹರಡಿದ್ರೆ ಕೋಶ, ಮೊಟ್ಟೆ ಬಹಳಷ್ಟು ಹೋಗ್ತವೆ.

ಇವೆಲ್ಲ ಎಲ್ಲಿ ಸಿಗತ್ತೆ?

ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ತೋಟಗಾರಿಕೆ ಇಲಾಖೆ ಆಫೀಸಲ್ಲಿ ಮೊದಲು ಕೇಳಿ. ಬಿಟಿ, ಬ್ಯೂವೇರಿಯಾ ಎರಡೂ ಜೀವ ಇರೋ ಸರಕು, ತಯಾರಾದ ತಾರೀಖು, ಮುಗಿಯೋ ತಾರೀಖು ಎರಡೂ ನೋಡಿ ತಗೊಳಿ, ಅಂಗಡಿ ಹೊರಗೆ ಬಿಸಿಲಿಗೆ ಇಟ್ಟಿರೋ ಪ್ಯಾಕೆಟ್ ಬೇಡ. ಯಾವ ಹುಳ ಅಂತ ಗೊತ್ತಾಗದೇ ಇದ್ರೆ ಬಾಟಲೀಲಿ ಎಲೆ ಸಮೇತ ಹುಳ ಹಾಕ್ಕೊಂಡು ಹೋಗಿ ತೋರಿಸಿ, ಮುಚ್ಚಳಕ್ಕೆ ಎರಡು ತೂತು ಮಾಡೋದು ಮರೀಬೇಡಿ, ಸತ್ತು ಕಪ್ಪಾದ ಹುಳ ನೋಡಿ ಯಾರಿಗೂ ಹೇಳೋಕಾಗಲ್ಲ.